ಅಡುಗೆಮನೆಯ ಅಹಿಂಸೆ

ವ್ರತವೆಂದೊಡನೆ ಅನೇಕರಿಗೆ ಉಪವಾಸವೊಂದೇ ನೆನಪಾಗುತ್ತದೆ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಹೇಳಿರುವ 6 ಬಾಹ್ಯತಪಗಳಲ್ಲಿ ಮೊದಲಿನ 4 ಆಹಾರಕ್ಕೆ ಸಂಬಂಧಿಸಿದವು. ಅನಶನವೆಂದರೆ ಆಹಾರವನ್ನು ಬಿಡುವುದು. ಅವಮೌದರ್ಯವೆಂದರೆ ಹೊಟ್ಟೆ ತುಂಬುವ ಮೊದಲೇ ಕೈತೊಳೆಯುವುದು. ವೃತ್ತಿಪರಿಸಂಖ್ಯಾನವೆಂದರೆ ಆಹಾರಕ್ಕೆ ಹೊರಡುವ ಮುನಿಯು ಮನದಲ್ಲಿಯೇ ನಿಯಮ ಮಾಡಿಕೊಳ್ಳುವುದು. ರಸಪರಿತ್ಯಾಗವೆಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ರಸಗಳಲ್ಲಿ ಶಕ್ತ್ಯನುಸಾರ ಕೆಲವನ್ನು ತೊರೆಯುವುದು. ಉಣ್ಣದಿರುವ ತಪ ಒಂದು. ಉಣ್ಣುವಲ್ಲಿಯೇ ನಡೆಯುವ ತಪ ಮೂರು. ಆದಕಾರಣ ಶ್ರಾವಕನ ಸಾಧನೆಗೆ ಬಸದಿಯಂತೆ ಅಡುಗೆಮನೆಯೂ ಕ್ಷೇತ್ರವೇ ಸರಿ.

ಆ ಕ್ಷೇತ್ರದಲ್ಲಿ ನಡೆಯುವ ಕೆಲಸ ಅಲ್ಪವಾದುದಲ್ಲ. ಬೆಳಗ್ಗೆ ದಪ್ಪ ಬಟ್ಟೆಯನ್ನು ಇಮ್ಮಡಿಸಿ ನೀರು ಸೋಸಬೇಕು. ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ನೀರು ತಂದ ಬಾವಿಗೇ ಮೆಲ್ಲನೆ ಮರಳಿ ಬಿಡಬೇಕು. ಸೋಸಿದ ನೀರಿಗೆ ಒಂದು ಮುಹೂರ್ತದ ಅವಧಿ, ಅಂದರೆ 48 ನಿಮಿಷ. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನಗಳ ಮರ್ಯಾದೆ. ಕಂದಮೂಲಗಳಿಗೆ ಪ್ರವೇಶವಿಲ್ಲದುದರಿಂದ ಆಲೂಗಡ್ಡೆಯ ಸ್ಥಾನವನ್ನು ಬಾಳೆಕಾಯಿ ತುಂಬುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಸಾರಿಗೆ ಇಂಗಿನ ಒಗ್ಗರಣೆ ಸಾಕಾಗುತ್ತದೆ. ದ್ವಿದಳದೋಷವನ್ನು ಅರಿತ ಮನೆಯಲ್ಲಿ ಕಡಲೆಬೇಳೆ ಅರೆದು ಹಾಕುವ ಮಜ್ಜಿಗೆಹುಳಿಗೆ ಎಡೆಯಿಲ್ಲ.

ಇದಲ್ಲದೆ ಪ್ರತಿ ಮನೆಗೂ ತನ್ನದೇ ಆದ ತ್ಯಾಗದ ಕಥೆಗಳಿರುತ್ತವೆ. ಮಾವನವರಿಗೆ ಭಾನುವಾರ ಉಪ್ಪಿಲ್ಲ; ಅತ್ತೆಯವರು ತೀರ್ಥಯಾತ್ರೆಯಿಂದ ಹಿಂತಿರುಗಿದಂದಿನಿಂದ ತುಪ್ಪ ಮುಟ್ಟುವುದಿಲ್ಲ; ಮೈದುನನಿಗೆ ಚಾತುರ್ಮಾಸ ಮುಗಿಯುವವರೆಗೆ ಮೊಸರಿಲ್ಲ. ಅಷ್ಟಮಿ ಚತುರ್ದಶಿಗಳಂದು ಹಸಿರು ಕಾಯಿಪಲ್ಯ ಯಾರಿಗೂ ಇಲ್ಲ. ಇವೆಲ್ಲವನ್ನೂ ಬರೆದಿಟ್ಟ ಪುಸ್ತಕವಿಲ್ಲ. ಮನೆಯವರೆಲ್ಲರ ವ್ರತಗಳು ಅಡುಗೆ ಮಾಡುವವಳ ನೆನಪಿನಲ್ಲಿ ಭದ್ರವಾಗಿವೆ. ಅವಳು ಒಂದು ದಿನ ಮರೆತರೆ ಮತ್ತೊಬ್ಬರ ನಿಯಮಕ್ಕೆ ಭಂಗ ಬರುತ್ತದೆ. ಹಾಗಿರುವಾಗ ಅವಳ ಊಟವನ್ನು ನೆನಪಿಡುವವರು ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಅಹಿಂಸಾವ್ರತದ 5 ಭಾವನೆಗಳಲ್ಲಿ ಆಲೋಕಿತಪಾನಭೋಜನವೂ ಒಂದು. ಬೆಳಕಿನಲ್ಲಿ, ಕಣ್ಣಿಟ್ಟು ನೋಡಿ ಉಣ್ಣುವುದೆಂದು ಅದರ ಅರ್ಥ. ಇದರಿಂದಲೇ ರಾತ್ರಿಭೋಜನತ್ಯಾಗವು ಜೈನಕುಟುಂಬದ ಗುರುತಾಯಿತು. ಆದರೆ ಸಂಜೆಯ ಹೊತ್ತಿನಲ್ಲಿ ಅನೇಕ ಮನೆಗಳಲ್ಲಿ ನಡೆಯುವುದೇನು? ಶಾಲೆಯಿಂದ ಬಂದ ಮಕ್ಕಳು ಉಣ್ಣುತ್ತಾರೆ, ಅಂಗಡಿಯಿಂದ ಬಂದ ಯಜಮಾನರು ಉಣ್ಣುತ್ತಾರೆ, ಹಿರಿಯರು ಉಣ್ಣುತ್ತಾರೆ. ಕೊನೆಯವರಿಗೆ ಬಡಿಸಿ ಮುಗಿಯುವಾಗ ಸೂರ್ಯ ಮುಳುಗಿರುತ್ತಾನೆ. ಬಡಿಸಿದವಳು ಮಾತಿಲ್ಲದೆ ಪಾತ್ರೆ ಮುಚ್ಚಿಡುತ್ತಾಳೆ. ಆ ದಿನ ಅವಳದು ಸಂಕಲ್ಪವಿಲ್ಲದ ಉಪವಾಸ. ಅದಕ್ಕೆ ಪಾರಣೆಯಿಲ್ಲ, ಅನುಮೋದನೆಯೂ ಇಲ್ಲ.

ಅದೇ ಗ್ರಂಥದ 7ನೆಯ ಅಧ್ಯಾಯವು ಅಹಿಂಸಾಣುವ್ರತದ 5 ಅತಿಚಾರಗಳನ್ನು ಹೆಸರಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮಿತಿಮೀರಿ ಹೊರೆ ಹೊರಿಸುವುದೂ ಹಿಂಸೆಯೇ. ಹೊತ್ತಿಗೆ ಅನ್ನನೀರು ದೊರೆಯದಂತೆ ಮಾಡುವುದೂ ಹಿಂಸೆಯೇ. ಎತ್ತು ಹಸುಗಳ ವಿಷಯದಲ್ಲಿ ಶ್ರಾವಕರು ಈ ಮಾತನ್ನು ಚೆನ್ನಾಗಿ ಬಲ್ಲರು. ಇರುವೆಗೆ ನೋವಾಗದಂತೆ ನೆಲ ಗುಡಿಸುವ ಮನೆಯಲ್ಲಿ ಸೊಸೆಯೊಬ್ಬಳು ಹಸಿದು ಮಲಗಿದರೆ, ಅದು ವ್ರತಕ್ಕೆ ತಗುಲಿದ ಅತಿಚಾರವಲ್ಲದೆ ಮತ್ತೇನು?

ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಚಂದನೆಯ ವೃತ್ತಾಂತ ಇಲ್ಲಿ ಮನನೀಯವಾಗಿದೆ. ವೈಶಾಲಿಯ ಚೇಟಕರಾಜನ ಮಗಳಾದ ಅವಳು ವಿಧಿವಶದಿಂದ ಕೌಶಾಂಬಿಯ ಶ್ರೇಷ್ಠಿಯ ಮನೆ ಸೇರಿದಳು. ಶ್ರೇಷ್ಠಿಯ ಪತ್ನಿ ಸಂಶಯಪಟ್ಟು ಅವಳನ್ನು ಸಂಕೋಲೆಯಲ್ಲಿಟ್ಟು, ಮಣ್ಣಿನ ಪಾತ್ರೆಯಲ್ಲಿ ಹಳೆಯ ಹಾರಕದ ಅನ್ನವನ್ನು ಹುಳಿಗಂಜಿಯೊಡನೆ ಕೊಡುತ್ತಿದ್ದಳು. ಅಂತಹ ಚಂದನೆ ಆಹಾರಕ್ಕಾಗಿ ಬಂದ ವರ್ಧಮಾನಸ್ವಾಮಿಯನ್ನು ಭಕ್ತಿಯಿಂದ ಎದುರುಗೊಂಡಾಗ ಸಂಕೋಲೆ ಕಳಚಿತು, ಹಾರಕವು ಶಾಲ್ಯನ್ನವಾಯಿತು, ಮಣ್ಣಿನ ಪಾತ್ರೆ ಹೊನ್ನಾಯಿತು. ಮುಂದೆ ಅವಳು 36,000 ಆರ್ಯಿಕೆಯರಿಗೆ ಪ್ರಮುಖಳಾದಳು. ಸಿರಿವಂತರ ಆ ಮನೆಯಲ್ಲಿ ಪಾತ್ರದಾನದ ಪುಣ್ಯ ಲಭಿಸಿದ್ದು, ಎಲ್ಲರಿಗಿಂತ ಕೀಳಾದ ಅನ್ನವನ್ನು ಪಡೆಯುತ್ತಿದ್ದವಳಿಗೆ.

ಈ ತತ್ತ್ವವನ್ನು ತಿಳಿದ ಒಬ್ಬ ವೃದ್ಧ ಗೃಹಿಣಿಯ ನಡೆ ಅನುಕರಣೀಯವಾದುದು. ಅವರ ಮಗ ದಶಲಕ್ಷಣಪರ್ವದಲ್ಲಿ ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತಚತುರ್ದಶಿಯವರೆಗೆ ಉಪವಾಸವಿದ್ದನು. ಪಾರಣೆಯ ದಿನ ಬಂಧುಗಳು ನೆರೆದು ಕೊಂಡಾಡಿದರು. ಸೊಸೆ ಅಷ್ಟೂ ದಿನ ಏಕಾಶನದಲ್ಲಿದ್ದುಕೊಂಡೇ ಮನೆಮಂದಿಗೆಲ್ಲ ಬೇಯಿಸಿ ಹಾಕಿದ್ದಳು. ಆಗ ತಾಯಿ, "ಮಗೂ, ನಿನ್ನ ಉಪವಾಸವನ್ನು ಊರೆಲ್ಲ ಎಣಿಸಿತು. ಇವಳ ಹಸಿವನ್ನು ಎಣಿಸಿದವರಾರು? ಇವಳಿಗೂ ಮಣೆ ಹಾಕು" ಎಂದರು. ಸೊಸೆ ಸಂಕೋಚದಿಂದ, "ಬೇಡಿ ಅತ್ತೆ, ನನ್ನದು ಆಮೇಲಾಗಲಿ" ಎಂದಳು. "ಆಮೇಲೆ ಎಂದೇ ಇಷ್ಟು ವರ್ಷ ಕಳೆಯಿತಮ್ಮಾ, ಕೂತುಕೋ" ಎಂದು ಹೇಳಿ ಅತ್ತೆಯೇ ಹೆಸರುಬೇಳೆಯ ತಿಳಿಯನ್ನು ಇಬ್ಬರಿಗೂ ಬಡಿಸಿದರು. ಮರುವರ್ಷದ ಪರ್ವದಲ್ಲಿ ನೀರು ಸೋಸುವ ಕೆಲಸವನ್ನು ಮಗ ತಾನೇ ವಹಿಸಿಕೊಂಡನು.

ದಿಗಂಬರ ಮುನಿಗಳು ತಮಗಾಗಿಯೇ ಸಿದ್ಧಪಡಿಸಿದ ಉದ್ದಿಷ್ಟ ಆಹಾರವನ್ನು ಸ್ವೀಕರಿಸುವುದಿಲ್ಲ. ಶ್ರಾವಕನು ತನ್ನ ಮನೆಗೆಂದು ಮಾಡಿದ ಶುದ್ಧಾಹಾರವೇ ಅವರ ಪಾಣಿಪಾತ್ರಕ್ಕೆ ಯೋಗ್ಯವಾದುದು. ಅವರನ್ನು ಎದುರುಗೊಂಡ ದಾತೃವು ಮನಶ್ಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿಗಳನ್ನು ಬಾಯಿಬಿಟ್ಟು ನುಡಿಯಬೇಕು. ನಿತ್ಯವೂ ಒಲೆಯ ಮುಂದೆ ಗದರಿಕೆ ಕೇಳಿಬರುವ ಮನೆಯಲ್ಲಿ ವಚನಶುದ್ಧಿಯೆಲ್ಲಿ? ಬೇಯಿಸಿದವಳ ಕಣ್ಣೀರು ಆರದ ಮನೆಯಲ್ಲಿ ಮನಶ್ಶುದ್ಧಿಯೆಲ್ಲಿ? ಬಟ್ಟೆಯಿಂದ ನೀರನ್ನು ಸೋಸಬಹುದು; ಮಾತನ್ನು ಸೋಸಲು ವಿವೇಕವೇ ಬೇಕು.

ಆದುದರಿಂದ ವ್ರತನಿಷ್ಠ ಕುಟುಂಬಗಳು ಕೆಲವು ಸುಲಭ ನಿಯಮಗಳನ್ನು ಕೈಗೊಳ್ಳುವುದು ಉಚಿತ. ಸೂರ್ಯಾಸ್ತಕ್ಕೆ 2 ಘಳಿಗೆ ಮುಂಚೆ ಮೊದಲಿಗರಲ್ಲ, ಕೊನೆಯವರು ಉಂಡು ಮುಗಿಸಿರಬೇಕು. ದೂರದ ಉದ್ಯೋಗದಿಂದ ಹೊತ್ತಿಗೆ ಬರಲಾಗದವರು ಬುತ್ತಿ ಕೊಂಡೊಯ್ದು ಅಲ್ಲಿಯೇ ಹಗಲಿನಲ್ಲಿ ಉಣ್ಣಬೇಕು, ಮನೆಯವಳನ್ನು ಕಾಯಿಸಬಾರದು. ಪರ್ವದಿನಗಳಲ್ಲಿ ಪದಾರ್ಥಗಳ ಸಂಖ್ಯೆಯನ್ನು ಮಿತಗೊಳಿಸಬೇಕು. ಅದು ಉಪಭೋಗಪರಿಭೋಗ ಪರಿಮಾಣವ್ರತವೂ ಆಗುತ್ತದೆ, ಅಡುಗೆಯವಳ ಹೊರೆಯೂ ಇಳಿಯುತ್ತದೆ. ನೀರು ಸೋಸುವುದು, ಧಾನ್ಯ ಆರಿಸುವುದು, ಬಡಿಸುವುದು ಗಂಡಸರ ಕೈಗೂ ಬರಲಿ. ತಾವು ಮಾಡಿದ ವ್ರತದ ದಣಿವನ್ನು ಮತ್ತೊಬ್ಬರ ಮೈಮೇಲೆ ಹೊರಿಸದವರ ಉಪವಾಸವೇ ನಿರ್ಜರೆಗೆ ಸಾಧಕವಾಗುವುದು. ಬಡಿಸುವ ಕೈಯೂ ಹಗಲಿನ ಬೆಳಕಿನಲ್ಲಿಯೇ ತುತ್ತನ್ನೆತ್ತುವ ಮನೆಯಲ್ಲಿ ಅಹಿಂಸಾಧರ್ಮವು ನೆಲೆನಿಲ್ಲುವುದು.