ಹಿಂದೆ ನಿಂತವನ ಹೊತ್ತು

ಒಬ್ಬನೇ ನಡೆಯುವವನಿಗೆ ದಾರಿ ಬೇಗ ಸಾಗುತ್ತದೆ. ಜೊತೆಯಿದ್ದವನಿಗೆ ದಾರಿ ಬೇಸರವಾಗುವುದಿಲ್ಲ. ಎರಡೂ ನಿಜವಾದ ಮಾತೇ. ಆದರೆ ಹರಟುತ್ತಾ ನಿಧಾನವಾಗಿ ನಡೆಯುವವರ ಹಿಂದೆ, ಅವರನ್ನು ದಾಟಲಾರದೆ ಬರುತ್ತಿರುವ ಮತ್ತೊಬ್ಬನಿದ್ದರೆ ಅವನ ಪಾಡೇನು? ಮುಂದಿನವರು ಅವನಿಗೆ ಏನನ್ನಾದರೂ ಸಲ್ಲಿಸಬೇಕೆ? ಅವರು ಇಬ್ಬರಾದರೆ ಒಂದು ನ್ಯಾಯ, ನಾಲ್ವರಾದರೆ ಇನ್ನೊಂದು ನ್ಯಾಯವೆ? ಚಿಕ್ಕ ಪ್ರಶ್ನೆಯಂತೆ ಕಾಣುವ ಇದನ್ನು ಕುರಿತು ಬಹು ಕಾಲದಿಂದ ತಲೆ ಕೆಡಿಸಿಕೊಂಡು ಬಂದವರುಂಟು. ಅವರು ತತ್ತ್ವಜ್ಞಾನಿಗಳಲ್ಲ, ಗಾಲ್ಫ್ ಆಡುವವರು.

ಓದುಗರು ನಗಬಹುದು. ಗಾಲ್ಫ್ ಎಂದರೆ ಹಣವಂತರು ಹೊತ್ತು ಕಳೆಯುವ ಆಟವೆಂದೇ ನಮ್ಮಲ್ಲಿ ಹೆಸರು. ನಾನೂ ಅದನ್ನು ಆಡುವವನಲ್ಲ. ಆಡುವ ಸ್ನೇಹಿತರೊಬ್ಬರ ಜೊತೆಯಲ್ಲಿ ಆಗಾಗ ಬೆಳಗಿನ ಹೊತ್ತು ನಡೆದಾಡುವವನು, ಅಷ್ಟೇ. ಆದರೂ ಕೈಯಲ್ಲಿ ಕೋಲಿಲ್ಲದವನಿಗೆ ನೋಡುವುದಕ್ಕೆ ಬಿಡುವು ಹೆಚ್ಚು. ನೋಡುತ್ತಾ ಹೋದಂತೆ, ಮನುಷ್ಯರು ಗುಂಪುಗೂಡಿದಾಗ ಏನಾಗುತ್ತಾರೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬಯಲು ಬೇರೆ ಇಲ್ಲವೇನೋ ಎನ್ನಿಸಿತು.

ಈ ಆಟದ ಪೂರ್ಣ ಸುತ್ತಿಗೆ 18 ಕುಳಿಗಳು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 22 ಇದ್ದುದನ್ನು 1764ರಲ್ಲಿ 18ಕ್ಕೆ ಇಳಿಸಿದರು. ಕಾಲಕ್ರಮದಲ್ಲಿ ಅದೇ ಎಲ್ಲೆಡೆಯೂ ಕಟ್ಟಳೆಯಾಯಿತು. ಕಲ್ಕತ್ತೆಯಲ್ಲಿ 1829ರಲ್ಲಿ, ನಮ್ಮ ಬೆಂಗಳೂರಿನಲ್ಲಿ 1876ರಲ್ಲಿ ಈ ಆಟದ ಕ್ಲಬ್ಬುಗಳು ಹುಟ್ಟಿದವು. ಒಂದು ಗುಂಪು ಚೆಂಡು ಹೊಡೆದು ಹೊರಟ ಮೇಲೆ, ಹತ್ತು ನಿಮಿಷವೋ ಏನೋ ಬಿಟ್ಟು ಇನ್ನೊಂದು ಗುಂಪು ಹೊರಡುತ್ತದೆ. ಮುಂದಿನವರು ದೂರ ಸರಿಯುವ ತನಕ ಹಿಂದಿನವರು ಹೊಡೆಯುವಂತಿಲ್ಲ. ಹೊಡೆದರೆ ಚೆಂಡು ಯಾರ ತಲೆಗಾದರೂ ತಗಲೀತು. ಹೀಗಾಗಿ ಗುಂಪುಗಳೆಲ್ಲ ಒಂದೇ ಹಳಿಯ ಮೇಲೆ ಸಾಲಾಗಿ ಸಾಗುವ ರೈಲುಗಳಂತೆ. ಮುಂದಿನದು ನಿಂತರೆ ಹಿಂದಿನವೆಲ್ಲ ನಿಲ್ಲಬೇಕು. ದಾರಿ ಬಿಟ್ಟರೆ ಮಾತ್ರ ದಾಟಬಹುದು. ಬಿಡುವುದು ಬಿಡದಿರುವುದು ಮುಂದಿನವರ ಕೈಯಲ್ಲಿದೆ.

ಈಗ ಸ್ವಲ್ಪ ಲೆಕ್ಕ ಹಾಕೋಣ. ತನ್ನ ಸರದಿ ಬಂದ ಮೇಲೆ ಆಟಗಾರನು 40 ಸೆಕೆಂಡಿನೊಳಗೆ ಹೊಡೆಯುವುದು ಒಳ್ಳೆಯದೆಂದು 2019ರ ನಿಯಮಗಳು ಸಲಹೆ ಕೊಡುತ್ತವೆ. ಒಬ್ಬೊಬ್ಬನು ಒಂದು ಸುತ್ತಿಗೆ 90 ಹೊಡೆತ ಹೊಡೆಯುತ್ತಾನೆಂದು ಇಟ್ಟುಕೊಳ್ಳಿ. ಇಬ್ಬರಿಗೆ 180 ಹೊಡೆತ, 2 ಗಂಟೆ. ನಾಲ್ವರಿಗೆ 360 ಹೊಡೆತ, 4 ಗಂಟೆ. ನಡಿಗೆಯ ಹೊತ್ತು ಇದರ ಮೇಲೆ. ನಾಲ್ವರು ಒಟ್ಟಿಗೆ ನಡೆದರೂ ಒಬ್ಬನೇ ನಡೆದರೂ ನಡಿಗೆಗೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಹೊಡೆಯುವ ಹೊತ್ತು ಮಾತ್ರ ತಲೆಯೆಣಿಕೆಯಂತೆ ಬೆಳೆಯುತ್ತದೆ. ಆದುದರಿಂದ ಗುಂಪು ದೊಡ್ಡದಾದಷ್ಟೂ ಆಟ ನಿಧಾನ ಎಂದು ತೀರ್ಪು ಕೊಟ್ಟು ಲೇಖನವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು.

ಆದರೆ ಈ ತೀರ್ಪನ್ನು ಒಪ್ಪದ ಬಯಲೊಂದುಂಟು. 1744ರಲ್ಲಿ ಲೀತ್ ಎಂಬಲ್ಲಿ ಆಟದ ಹದಿಮೂರು ನಿಯಮಗಳನ್ನು ಬರೆದಿಟ್ಟ ಎಡಿನ್‌ಬರೋ ಆಟಗಾರರ ಸಂಘ ಈಗ ಮ್ಯೂರ್‌ಫೀಲ್ಡ್‌ನಲ್ಲಿದೆ. ಅಲ್ಲಿಯವರಿಗೆ ಬಹಳ ಪ್ರಿಯವಾದದ್ದು ನಾಲ್ವರು ಎರಡೇ ಚೆಂಡಿನಲ್ಲಿ ಆಡುವ ಹಳೆಯ ಪದ್ಧತಿ. ಇಬ್ಬಿಬ್ಬರು ಜೊತೆಗಾರರು, ಒಂದೊಂದು ಜೊತೆಗೆ ಒಂದೊಂದು ಚೆಂಡು, ಒಂದು ಹೊಡೆತ ಇವನದು, ಮುಂದಿನದು ಅವನದು. ಇವನು ಹೊಡೆಯುವ ಹೊತ್ತಿಗೆ ಅವನು ಚೆಂಡು ಬೀಳುವ ಕಡೆಗೆ ಹೋಗಿ ನಿಂತಿರುತ್ತಾನೆ. ತಲೆಗಳು ನಾಲ್ಕಾದರೂ ಹೊಡೆತಗಳು ಇಬ್ಬರ ಲೆಕ್ಕದಷ್ಟೇ; ಆಟವೂ ಇಬ್ಬರ ಆಟದಂತೆ ಚುರುಕಾಗಿ ಮುಗಿಯುತ್ತದೆ. ಅಂದಮೇಲೆ ನಿಧಾನಕ್ಕೆ ಕಾರಣ ಜನರ ಸಂಖ್ಯೆಯೊಂದೇ ಅಲ್ಲ. ಒಬ್ಬನು ಹೊಡೆಯುವಾಗ ಉಳಿದವರು ಏನು ಮಾಡುತ್ತಿರುತ್ತಾರೆ ಎಂಬುದೂ ಕಾರಣವೇ.

ಅವರು ಏನು ಮಾಡುತ್ತಿರುತ್ತಾರೆ? ನಾನು ಕಂಡಂತೆ, ಬಹುಪಾಲು ಒಳ್ಳೆಯತನವನ್ನೇ ತೋರಿಸುತ್ತಿರುತ್ತಾರೆ! ಗೆಳೆಯ ಹೊಡೆಯುವಾಗ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಹೊಡೆದ ಮೇಲೆ ಭೇಷ್ ಎನ್ನುತ್ತಾರೆ. ಚೆಂಡು ಪೊದೆಯಲ್ಲಿ ಕಳೆದುಹೋದರೆ ನಾಲ್ವರೂ ಕೂಡಿ ಹುಡುಕುತ್ತಾರೆ. ಒಬ್ಬನು ತಡವರಿಸಿದರೆ “ಅವಸರವೇನಿಲ್ಲ, ನಿಧಾನವಾಗಿ ಹೊಡೆಯಿರಿ” ಎಂದು ಧೈರ್ಯ ಹೇಳುತ್ತಾರೆ. ಕುಳಿಯಿಂದ ಹೆಚ್ಚು ದೂರದಲ್ಲಿರುವವನೇ ಮೊದಲು ಹೊಡೆಯಬೇಕೆಂಬ ಹಳೆಯ ಮರ್ಯಾದೆಯನ್ನು ಪಾಲಿಸುತ್ತಾ, ಸಿದ್ಧನಾಗಿರುವವನೂ ಸಿದ್ಧನಲ್ಲದವನಿಗಾಗಿ ಕಾಯುತ್ತಾನೆ. ಇದರಲ್ಲಿ ಯಾವುದನ್ನು ತಪ್ಪೆನ್ನೋಣ? ಒಂದೊಂದೂ ಸೌಜನ್ಯವೇ. ಆದರೆ “ಅವಸರವೇನಿಲ್ಲ” ಎಂದವನು ದಾನ ಮಾಡಿದ್ದು ತನ್ನ ಹೊತ್ತನ್ನು ಮಾತ್ರವಲ್ಲ; ಹಿಂದೆ ನಿಂತವರ ಹೊತ್ತನ್ನೂ ಅವರನ್ನು ಕೇಳದೆಯೇ ಎತ್ತಿಕೊಟ್ಟಿದ್ದಾನೆ. ಗುಂಪಿನ ಒಳಗಿನ ಸೌಜನ್ಯವು ಹೊರಗಿನವರಿಗೆ ಅಸೌಜನ್ಯವಾಗುವುದು ಹೀಗೆ. ಗುಂಪು ಬೆಳೆದಷ್ಟೂ ಒಳಗೆ ಸಲ್ಲಿಸಬೇಕಾದ ಮರ್ಯಾದೆಗಳು ಹೆಚ್ಚುತ್ತವೆ. ಹೊರಗಿನವರ ನೆನಪು ಅಷ್ಟಷ್ಟು ಮಸುಕಾಗುತ್ತದೆ.

ಇದರ ಫಲ ಎಷ್ಟು ದೂರ ಹೋಗುತ್ತದೆಂಬುದನ್ನು ನೋಡಿ. ಪ್ರತಿ ಬಯಲಿನಲ್ಲಿಯೂ ಕೆಲವು ಗಿಡ್ಡ ಕುಳಿಗಳಿರುತ್ತವೆ. ಅಲ್ಲಿ ಮೊದಲ ಹೊಡೆತಕ್ಕೇ ಚೆಂಡು ಕುಳಿಯ ಸುತ್ತಣ ಹಸುರಿಗೆ ಹೋಗಿ ಬೀಳಬಹುದಾದ್ದರಿಂದ ಒಂದು ಗುಂಪು ಆಡಿ ಮುಗಿಸುವ ತನಕ ಇನ್ನೊಂದು ಗುಂಪು ಕಾಯಲೇಬೇಕು. ಹತ್ತು ನಿಮಿಷಕ್ಕೊಂದರಂತೆ ಗುಂಪುಗಳು ಹೊರಟಿವೆ ಎನ್ನೋಣ. ಅಂಥ ಕುಳಿಯಲ್ಲಿ ಒಂದೊಂದು ಗುಂಪಿಗೂ ಹನ್ನೆರಡು ನಿಮಿಷ ಹಿಡಿಯುತ್ತದೆ ಎನ್ನೋಣ. ಎರಡು ನಿಮಿಷ ಏನು ಮಹಾ! ಆದರೆ ಎರಡನೆಯ ಗುಂಪಿಗೆ 2 ನಿಮಿಷ ತಡ, ಮೂರನೆಯದಕ್ಕೆ 4. ಮೂವತ್ತೊಂದನೆಯ ಗುಂಪು ಅಲ್ಲಿಗೆ ಬಂದಾಗ ಪೂರಾ ಒಂದು ಗಂಟೆ ನಿಲ್ಲಬೇಕು. ಹನಿ ಹನಿ ಕೂಡಿ ಹಳ್ಳವಾಯಿತು. ಆದರೆ ಯಾವ ಹನಿಯನ್ನು ಹಿಡಿದು ದಂಡಿಸೋಣ? ಒಬ್ಬೊಬ್ಬರಿಂದಲೂ ಗಮನಕ್ಕೇ ಬಾರದಷ್ಟು ಸಣ್ಣ ಕೇಡು, ಎಲ್ಲರಿಂದ ಕೂಡಿ ಸಹಿಸಲಾಗದ ಕೇಡು ಆಗಬಹುದೆಂಬ ಸಮಸ್ಯೆಯನ್ನು ಡೆರೆಕ್ ಪಾರ್ಫಿಟ್ ಎಂಬ ಇಂಗ್ಲಿಷ್ ದಾರ್ಶನಿಕ 1984ರ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ನನ್ನ ಪಾಲು ಕಣ್ಣಿಗೆ ಕಾಣದಷ್ಟು ಚಿಕ್ಕದು ಎಂಬುದರಿಂದಲೇ ನಾನು ನಿರಪರಾಧಿಯಾಗಲಾರೆ ಎಂಬುದು ಅವನ ವಾದ. ಗಾಲ್ಫ್ ಬಯಲಿನಲ್ಲಿ ಇನ್ನೂ ಒಂದು ತೊಡಕುಂಟು. ತಡಮಾಡುವವನಿಗೆ ತಡವು ಕಾಣುವುದೇ ಇಲ್ಲ. ಅವನ ಮುಂದಿನ ಬಯಲು ತೆರವಾಗಿದೆ. ಕಾಯುವವರೆಲ್ಲ ಬೆನ್ನ ಹಿಂದಿದ್ದಾರೆ.

ಆಟವೇ ತಾನೆ, ಒಂದು ಗಂಟೆ ತಡವಾದರೆ ಏನು ಮುಳುಗಿತು ಎಂದು ನಾನೂ ಒಮ್ಮೆ ಕೇಳಿದೆ. ನನ್ನ ಸ್ನೇಹಿತರ ಕೋಲುಚೀಲವನ್ನು ಹೊತ್ತಿದ್ದ ಕ್ಯಾಡಿ, ಐವತ್ತು ದಾಟಿದ ಮನುಷ್ಯ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, “ನಮಗೆ ಕೂಲಿ ರೌಂಡಿಗೆ ಸಾರ್, ಗಂಟೆಗಲ್ಲ. ಬೇಗ ಮುಗಿದರೆ ಮಧ್ಯಾಹ್ನ ಇನ್ನೊಂದು ರೌಂಡು ಸಿಗುತ್ತೆ. ಇವತ್ತು ಇದೊಂದೇ” ಎಂದ. ದೂರುವ ದನಿಯೇನೂ ಇರಲಿಲ್ಲ. ಇವತ್ತು ಮೋಡವಾಗಿದೆ ಎಂಬಂತೆ ಹೇಳಿದ. ಮುಂದಿನ ಗುಂಪಿನ ನಾಲ್ವರು ಆಗ ಐದನೆಯವರಿಲ್ಲದ ಲೋಕದಲ್ಲಿ ನಗುತ್ತಾ ನಿಂತಿದ್ದರು. ಅವರ ಬಿಡುವಿನ ಬೆಲೆಯಲ್ಲಿ ಸ್ವಲ್ಪ ಭಾಗವನ್ನು ಈತ ತೆರುತ್ತಿದ್ದ. ಅವರಿಗೆ ಅದು ಗೊತ್ತಿದ್ದರೆ ತೆರಲು ಬಿಡುತ್ತಿದ್ದರೆಂದು ನನಗೆ ತೋರುವುದಿಲ್ಲ. ಆದರೆ ಗೊತ್ತುಮಾಡಿಕೊಳ್ಳುವ ಸಂದರ್ಭವೇ ಅವರಿಗೆ ಒದಗುವುದಿಲ್ಲ.

ಈ ಸಮಸ್ಯೆಗೆ ಹಳೆಯವರು ಕಂಡುಕೊಂಡ ಪರಿಹಾರ ಸ್ವಾರಸ್ಯವಾಗಿದೆ. ಇಬ್ಬರ ಆಟಕ್ಕೆ ಮೂವರ ಅಥವಾ ನಾಲ್ವರ ಆಟವು ದಾರಿ ಬಿಡಬೇಕು ಎಂದು ಆಟದ ಶಿಷ್ಟಾಚಾರದಲ್ಲಿ ಬರೆದಿತ್ತು. ಒಬ್ಬನೇ ಆಡುವವನಿಗೆ ಮಾತ್ರ ಯಾವ ಸ್ಥಾನವೂ ಇಲ್ಲ. ಅವನು ಎಲ್ಲರಿಗೂ ದಾರಿ ಬಿಡತಕ್ಕದ್ದು. ಗುಂಪು ಹಿಂದೆ ಬಿದ್ದು ಮುಂದೆ ಒಂದು ಪೂರ್ತಿ ಕುಳಿಗಿಂತ ಹೆಚ್ಚು ತೆರವಾದರೆ ಹಿಂದಿನವರನ್ನು ಕರೆದು ಮುಂದೆ ಕಳಿಸಬೇಕೆಂಬ ಮಾತೂ ಇತ್ತೆನ್ನಿ. ಆದರೂ ಮೊದಲ ಹಕ್ಕು ತಲೆಯೆಣಿಕೆಯದೇ. ಬೇಗ ನಡೆಯಬಲ್ಲ ಒಂಟಿಗನು ಎಲ್ಲರಿಗಿಂತ ಕೆಳಗೆ! 2004ರ ನಿಯಮಗಳು ಇದನ್ನು ತೆಗೆದುಹಾಕಿದವು. ಬಯಲಿನ ಸಮಿತಿ ಬೇರೆ ಗೊತ್ತುಪಡಿಸದ ಹೊರತು, ಯಾರು ಮೊದಲೆಂಬುದನ್ನು ಗುಂಪಿನ ನಡಿಗೆಯ ವೇಗವೇ ನಿರ್ಣಯಿಸಬೇಕು. ‘ಗುಂಪು’ ಎಂಬ ಮಾತಿನಲ್ಲಿ ಒಬ್ಬನೇ ಆಟಗಾರನೂ ಸೇರಿದ್ದಾನೆ ಎಂದು ಬರೆದರು. ಹಳೆಯ ನಿಯಮ ನೀವು ಎಷ್ಟು ಜನ ಎಂದು ಕೇಳುತ್ತಿತ್ತು. ಹೊಸದು ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂದು ಕೇಳುತ್ತದೆ. ಹುಟ್ಟನ್ನು ಬಿಟ್ಟು ನಡತೆಯನ್ನು ನೋಡುವ ನ್ಯಾಯದ ಜಾತಿಗೆ ಸೇರಿದ್ದು ಇದು. 2019ರಲ್ಲಿ ಕಳೆದ ಚೆಂಡನ್ನು ಹುಡುಕುವ ಅವಧಿಯನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಿದರು. ಹೊಡೆತಗಳನ್ನು ಎಣಿಸಿ ಗೆಲುವನ್ನು ನಿರ್ಣಯಿಸುವ ಆಟದಲ್ಲಿ, ಅಪಾಯವಿಲ್ಲದಿದ್ದರೆ ಸಿದ್ಧನಾದವನು ಸರದಿಗೆ ಕಾಯದೆ ಹೊಡೆಯಲಿ ಎಂದು ಪ್ರೋತ್ಸಾಹಿಸಿದರು. ಒಳಗಿನ ಮರ್ಯಾದೆಯನ್ನು ಕೊಂಚ ಕತ್ತರಿಸಿ ಹೊರಗಿನವರಿಗೆ ಹಂಚಿದ ಹಾಗಾಯಿತು.

ಇಲ್ಲೊಂದು ಆಕ್ಷೇಪಣೆಗೆ ಎಡೆಯುಂಟು. ನನ್ನ ಸ್ನೇಹಿತರೇ ಅದನ್ನು ಎತ್ತಿದರು. “ಕಾರ್ಖಾನೆಯ ಗಡಿಯಾರವನ್ನು ಹುಲ್ಲಿನ ಮೇಲಕ್ಕೂ ತರಬೇಕೆ? ನಾನು ಮುದುಕ, ಮಂಡಿ ನೋವು. ವೇಗವೇ ಧರ್ಮವಾದರೆ ನನ್ನಂಥವನು ಮನೆಯಲ್ಲಿ ಕೂತಿರಬೇಕಷ್ಟೆ” ಎಂದರು. ಮಾತಿನಲ್ಲಿ ತೂಕವಿದೆ. ಆಟ ಕಲಿಯುವ ಹುಡುಗನಿಗೂ ಮುದುಕನಿಗೂ ಬಯಲಿನಲ್ಲಿ ಜಾಗವಿಲ್ಲವೆಂದರೆ ಅಂಥ ನ್ಯಾಯ ಯಾರಿಗೆ ಬೇಕು? ಆದರೆ ನಿಯಮವನ್ನು ಸರಿಯಾಗಿ ನೋಡಿದರೆ ಅದು ನಿಧಾನವನ್ನು ಅಪರಾಧವೆನ್ನುವುದಿಲ್ಲ. ನಿಧಾನವಾಗಿದ್ದೂ ದಾರಿ ಕಟ್ಟುವುದನ್ನು ಮಾತ್ರ ಬೇಡವೆನ್ನುತ್ತದೆ. ಮುದುಕನು ಐದು ನಿಮಿಷ ಮರದ ನೆರಳಿನಲ್ಲಿ ನಿಂತು, ಹಿಂದಿನವರಿಗೆ ಕೈಬೀಸಿ ಮುಂದೆ ಕಳಿಸಿದರೆ, ಅವನ ನಿಧಾನವೂ ಉಳಿಯಿತು, ಅವರ ವೇಗವೂ ಉಳಿಯಿತು. ಇದನ್ನು ಹೇಳಿದಾಗ ಸ್ನೇಹಿತರು, “ಅದೇನೋ ಸರಿ. ಒಬ್ಬನೇ ಇದ್ದಾಗ ನಾನು ಯಾವಾಗಲೂ ಬಿಡುತ್ತೇನೆ. ನಾಲ್ವರಿದ್ದಾಗ ಯಾರು ಹೇಳಬೇಕೆಂದು ನೋಡುತ್ತಾ ಯಾರೂ ಹೇಳುವುದಿಲ್ಲ” ಎಂದರು.

ನನಗೆ ಇಡೀ ವಿಷಯದ ತಿರುಳು ಈ ಮಾತಿನಲ್ಲಿಯೇ ಇರುವಂತೆ ತೋರುತ್ತದೆ. ಒಬ್ಬನ ಆತ್ಮಸಾಕ್ಷಿಯನ್ನು ನಾಲ್ಕರಿಂದ ಗುಣಿಸಿದರೆ ನಾಲ್ಕು ಸಾಕ್ಷಿಗಳಾಗಬೇಕು. ಲೋಕದಲ್ಲಿ ಮಾತ್ರ ಅದು ನಾಲ್ಕರಿಂದ ಭಾಗವಾಗುತ್ತದೆ. ‘ನಾವು’ ಎಂಬುದು ಬೆಚ್ಚನೆಯ ಮಾತು. ಅದರ ಕಂಬಳಿಯೊಳಗೆ ‘ನಾನು’ ಎಂಬುವನು ಸುಲಭವಾಗಿ ನಿದ್ದೆಹೋಗುತ್ತಾನೆ. ಗುಂಪುಗಳನ್ನು ಚಿಕ್ಕದು ಮಾಡಿದರೆ ಆಟ ಬೇಗ ಮುಗಿಯುವುದು ನಿಜ. ಆದರೆ ಬಯಲು ಇರುವುದು ಒಂದೇ, ಆಡಬೇಕೆಂಬವರು ಬಹಳ. ಎಲ್ಲರೂ ಇಬ್ಬಿಬ್ಬರಾಗಿಯೇ ಹೊರಟರೆ ಅರ್ಧ ಜನಕ್ಕೆ ಸರದಿಯೇ ಬಾರದು. ನಾಲ್ವರು ಕೂಡಿ ಆಡುವುದರಲ್ಲಿ ಸ್ನೇಹದ ಸುಖವೂ ಇದೆ, ಜಾಗವನ್ನು ಹಂಚಿಕೊಳ್ಳುವ ನ್ಯಾಯವೂ ಇದೆ. ಆದುದರಿಂದ ಗುಂಪನ್ನು ಒಡೆಯಬೇಕೆಂದು ನಾನು ಹೇಳಲಾರೆ. ನಾಲ್ವರಲ್ಲಿ ಒಬ್ಬನಾದರೂ, ಗೆಳೆಯರು ಏನೆಂದುಕೊಂಡಾರೋ ಎಂಬ ಸಂಕೋಚವನ್ನು ಬಿಟ್ಟು, ಆಗಾಗ ಹಿಂದಿರುಗಿ ನೋಡುವವನಿರಬೇಕು. ಅಂಥವನು ಗುಂಪಿನ ಹರಟೆಯನ್ನು ಒಂದು ಗಳಿಗೆ ಕೆಡಿಸುತ್ತಾನೆ. ಕೆಡಿಸಿದರೆ ಕೆಡಿಸಲಿ, ಹಿಂದೆ ನಿಂತವರಲ್ಲಿ ಯಾರ ಮಧ್ಯಾಹ್ನದ ಕೂಲಿ ಅದರಿಂದ ಉಳಿಯುತ್ತದೆಯೋ ಬಲ್ಲವರಾರು?