ಶಾಲೆಯ ಗಂಟೆ ನಿಂತ ಮೇಲೆ

ಬೀದರ ಪಟ್ಟಣದಲ್ಲಾಗಲಿ ಭಾಲ್ಕಿ, ಔರಾದ ಸೀಮೆಯ ಹಳ್ಳಿಗಳಲ್ಲಾಗಲಿ ಶಾಲೆ ಮುಗಿಸಿದ ಹುಡುಗನನ್ನು ಕಂಡು ನೆರೆಯವರು ಮೊದಲು ಕೇಳುವದೇನು? "ಇವನು ಎಷ್ಟು ಗಳಿಸುವನು?" ಎಂದೇ. ಆಟಿಸಂ ಉಳ್ಳ ಮಕ್ಕಳ ತಾಯಿತಂದೆಗಳಿಗೆ ಈ ಮಾತು ಮುಳ್ಳಿನಂತೆ ನಾಟುತ್ತದೆ.

ಆಟಿಸಂ ದೆವ್ವದ ಕಾಟವಲ್ಲ, ತಾಯಿಯ ತಪ್ಪೂ ಅಲ್ಲ. ಲೋಕವನ್ನು ಗ್ರಹಿಸುವ ಬೇರೊಂದು ರೀತಿಯು ಹುಟ್ಟಿನಿಂದಲೇ ಬಂದಿರುತ್ತದೆ. ನೂರಕ್ಕೆ 40ರಷ್ಟಾದರೂ ಊನತೆಯುಂಟೆಂದು ಪ್ರಮಾಣಪತ್ರ ಪಡೆದ ಮಕ್ಕಳಿಗೆ 6ರಿಂದ 18 ವರುಷಗಳ ವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯಿದೆಯು ಕೊಟ್ಟಿದೆ. ಆದರೆ ಶಾಲೆಯ ಗಂಟೆ ನಿಂತೊಡನೆ ದಿನದ ಕ್ರಮವೂ ಕಡಿದುಹೋಗುತ್ತದೆ. ಆ ಕ್ರಮವನ್ನೇ ಆಧರಿಸಿದ್ದವನು ಕಂಗೆಡುತ್ತಾನೆ; ಜನರು ಅದನ್ನು ಮೊಂಡತನವೆನ್ನುತ್ತಾರೆ.

ಹೀಗಿರಲಾಗಿ ಮಾಡತಕ್ಕದ್ದೇನು? ಶಾಲೆ ಬಿಡುವದಕ್ಕೆ ಎರಡು ವರುಷ ಮುಂಚೆಯೇ ಕೆಲಸದ ಸ್ಥಳವನ್ನು ತೋರಿಸಿರಿ. ತೊಗರಿ ಹಸನುಮಾಡುವದಾಗಲಿ, ಚೀಲ ಎಣಿಸುವದಾಗಲಿ, ಅವನಿಗೆ ಒಪ್ಪುವ ಒಂದು ಕೆಲಸವನ್ನು ನಿತ್ಯವೂ ಅದೇ ವೇಳೆಯಲ್ಲಿ, ಅದೇ ಜೊತೆಗಾರನಿಂದ ಕಲಿಸಿರಿ. ಕೂಲಿಯನ್ನು ಅವನ ಕೈಗೇ ಕೊಡಿರಿ.

"ನಾವು ತೀರಿದ ಮೇಲೆ ಇವನಿಗೆ ಯಾರು?" ಎಂಬ ಭಯವೂ ಉಂಟು. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಮೇರೆಗೆ ಸ್ಥಳೀಯ ಸಮಿತಿಯು, ಅವಶ್ಯವಿದ್ದವರಿಗೆ, ಕಾನೂನಿನ ಪಾಲಕನನ್ನು ನೇಮಿಸಬಹುದು. ಆದರೂ ನಿತ್ಯದ ಒಡನಾಟವನ್ನು ಯಾವ ಸಮಿತಿಯೂ ನೇಮಿಸಲಾರದು.

ಗಳಿಕೆಯಿಂದಲೇ ಮನುಷ್ಯನ ಬೆಲೆ ಕಟ್ಟುವದಾದರೆ ಕೂಸಿಗೂ ಮುದುಕನಿಗೂ ಬೆಲೆಯಿಲ್ಲವೆಂದಾಯಿತು. ಹಾಗೆ ನಮ್ಮಲ್ಲಿ ಯಾರೂ ಹೇಳರು. ಆದದರಿಂದ ನಮ್ಮ ಪ್ರಶ್ನೆಯನ್ನು ತಿದ್ದಿಕೊಳ್ಳೋಣ: ಇವನ ಸಂಗಡ ನಿಂತು ಕೆಲಸಮಾಡುವವರು ನಮ್ಮಲ್ಲಿ ಯಾರು?