ಬೆಟ್ಟ ಕೀಳುವ ಪಾಲು

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ. ಹಳೆ ಮೈಸೂರು ಸೀಮೆಯಲ್ಲಿ ಈ ಗಾದೆ ಕಿವಿಗೆ ಬೀಳದೆ ಬೆಳೆದವರು ಅಪರೂಪ. ಮುದ್ದೆ ಕಂಡು ಮುಖ ಸಿಂಡರಿಸುವ ಮೊಮ್ಮಗನಿಗೆ ಅಜ್ಜಿ ಹೇಳುತ್ತಿದ್ದ ಮಾತು ಈಗ ಹೋಟೆಲಿನ ಬೋರ್ಡಿಗೂ ರಾಗಿ ಮಾಲ್ಟಿನ ಪೊಟ್ಟಣಕ್ಕೂ ಬಂದಿದೆ. ಅಲ್ಲೆಲ್ಲ ಅದನ್ನು ರಾಗಿಯ ಹೊಗಳಿಕೆ ಎಂದಷ್ಟೇ ಓದುತ್ತಾರೆ. ಆದರೆ ಗಾದೆಯವನು ಎರಡು ಕೆಲಸ ಮಾಡಿದ್ದಾನೆ. ತಿಂದಿದ್ದಾನೆ, ಕಿತ್ತೂ ಇಟ್ಟಿದ್ದಾನೆ. ತಿನ್ನುವ ಪಾಲನ್ನು ನಾವು ಭದ್ರವಾಗಿ ಉಳಿಸಿಕೊಂಡಿದ್ದೇವೆ.

ಮೂಡಲಪಾಳ್ಯದ ಸುತ್ತಮುತ್ತ ಇದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಹೆಸರಲ್ಲಿ ಇನ್ನೂ ಪಾಳ್ಯವೇ ಆಗಿರುವ ಈ ಊರನ್ನು ನಾಗರಬಾವಿ, ಚಂದ್ರಾ ಲೇಔಟ್, ವಿಜಯನಗರಗಳ ಜೊತೆಗೆ ಬೆಂಗಳೂರು ಒಳಗೆ ಸೇರಿಸಿಕೊಂಡಿತು. ಮಾಗಡಿ, ಕುಣಿಗಲ್, ನಾಗಮಂಗಲದ ಕಡೆಯಿಂದ ಬಂದು ಈ ಭಾಗದಲ್ಲಿ ಮನೆ ಕಟ್ಟಿಕೊಂಡವರು ಬಹಳ. ಸುಗ್ಗಿ ಮುಗಿದ ಮೇಲೆ ಊರಿಂದ ರಾಗಿ ಮೂಟೆ ಬರುವುದು ಎಷ್ಟೋ ಮನೆಗಳಲ್ಲಿ ಇನ್ನೂ ನಿಂತಿಲ್ಲ. ರಾಗಿ ಬಸ್ಸು ಹತ್ತಿ ಬಂತು, ಹೊಲ ಅಲ್ಲೇ ಉಳಿಯಿತು. ಹೊಲದ ಜೊತೆಗೆ ಬೆಟ್ಟವೂ ಅಲ್ಲೇ ಉಳಿಯಿತು. ಉತ್ತು, ಕೂರಿಗೆ ಹಿಡಿದು ಬಿತ್ತಿ, ಕುಂಟೆ ಹೊಡೆದು, ಬಿಸಿಲಲ್ಲಿ ಬಗ್ಗಿ ಕಳೆ ಕಿತ್ತು, ಕೊಯ್ದು, ಮೆದೆ ಒಟ್ಟಿ, ಕಣದಲ್ಲಿ ಗುಂಡು ಹೊಡೆದು, ಗಾಳಿ ನೋಡಿ ತೂರಿ, ಕೊನೆಗೆ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂರಬೇಕಿತ್ತು. ಮುದ್ದೆ ತಟ್ಟೆಗೆ ಬೀಳುವ ಮೊದಲೇ ಅರ್ಧ ಬೆಟ್ಟ ಕಿತ್ತಾಗಿರುತ್ತಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಇಲ್ಲಿನ ಯಾವುದಾದರೂ ಮುದ್ದೆ ಮೆಸ್ಸಿನ ಅಡುಗೆಮನೆಯನ್ನು ಇಣುಕಿ ನೋಡಿ. ಕುದಿಯುವ ಎಸರಿನ ನಡುವೆ ಹಿಟ್ಟು ಗುಡ್ಡೆಯಾಗಿ ಕೂತು ಬೇಯುತ್ತಿರುತ್ತದೆ. ಹದ ಬಂತೆಂದು ಗೊತ್ತಾದ ಕೂಡಲೇ ಅಡುಗೆಯವರು ಪಾತ್ರೆ ಅಲುಗದಂತೆ ಕವೆಗೋಲು ಕೊಟ್ಟು, ಅದನ್ನು ಕಾಲಿನಿಂದ ಅದುಮಿ, ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದು ತಿರುವತೊಡಗುತ್ತಾರೆ. ಹಣೆಯ ಬೆವರು ಗದ್ದಕ್ಕೆ ಇಳಿದರೂ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಗಂಟು. ಹೊರಗೆ ಎಲೆಯ ಮುಂದೆ ಕೂತವರಲ್ಲಿ ಹೆಚ್ಚಿನವರು ಬೆಳಿಗ್ಗೆಯಿಂದ ಕಂಪ್ಯೂಟರಿನ ಮುಂದೋ ಕ್ಯಾಬಿನ ಸ್ಟೀರಿಂಗಿನ ಹಿಂದೋ ಅಂಗಡಿಯ ಗಲ್ಲಾದಲ್ಲೋ ಕೂತು ಬಂದವರು. ‘ಇನ್ನೊಂದು ಹಾಕ್ಲಾ ಅಣ್ಣ?’ ಎಂದು ಬಡಿಸುವ ಹುಡುಗ ಕೇಳಿದಾಗ ಬಸ್ಸಾರಿನ ರುಚಿಗೆ ಬೇಡ ಅನ್ನುವ ಮನಸ್ಸೇ ಬರುವುದಿಲ್ಲ.

ರಾಗಿಯ ಹೊಗಳಿಕೆಯಲ್ಲಿ ಸುಳ್ಳಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಕೂಡ ಇಲ್ಲ. ನಾರಿನಂಶವೂ ರಾಗಿಯಲ್ಲೇ ಹೆಚ್ಚು. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಅಂಕಣವಿದೆ: ರಾಗಿಗೆ ಸುಮಾರು 320 ಕ್ಯಾಲೊರಿ, ಅಕ್ಕಿಗೆ ಸುಮಾರು 356. ವ್ಯತ್ಯಾಸ ಇಷ್ಟೇ. ಕೂತು ತಿಂದ ಎರಡು ದೊಡ್ಡ ಮುದ್ದೆ, ಮೇಲೊಂದಿಷ್ಟು ಅನ್ನ ಎಂದರೆ ದೇಹ ಲೆಕ್ಕ ಹಾಕುವಾಗ ರಾಗಿ ಎಂದು ರಿಯಾಯಿತಿ ಕೊಡುವುದಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿಗೆ ಬೆಲ್ಲ ಹಾಕಿ ಕುಡಿದರೆ ಸಕ್ಕರೆ ಕಾಯಿಲೆಯವರಿಗೆ ಅದು ಪಥ್ಯವೂ ಅಲ್ಲ.

ಗಾದೆ ಹುಟ್ಟಿದ ಕಾಲದಲ್ಲಿ ಹೊಟ್ಟೆ ತುಂಬ ಹಿಟ್ಟು ಸಿಗುವುದೇ ದೊಡ್ಡ ಭಾಗ್ಯವಾಗಿತ್ತು. ಆ ಕೊರತೆಯನ್ನು ನೀಗಿಸಿದವರಲ್ಲಿ ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯನವರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಅವರು ಕೊಟ್ಟ ಇಂಡಾಫ್ ತಳಿಗಳು ರೈತನ ಇಳುವರಿಯನ್ನೇ ಬದಲಿಸಿದವು. ಇವತ್ತು ಕೊರತೆ ಇರುವುದು ಗಾದೆಯ ಇನ್ನೊಂದು ಪಾಲಿನಲ್ಲಿ.

ಆ ಪಾಲನ್ನು ಎಷ್ಟು ತುಂಬಬೇಕು? ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದ ಎರಡು ಮಾತುಗಳನ್ನು ಗಾದೆಯ ಪಕ್ಕದಲ್ಲಿಟ್ಟು ನೋಡಬೇಕು ಅನಿಸುತ್ತದೆ. ಹೊಟ್ಟೆಯ ಅರ್ಧಕ್ಕೆ ಅನ್ನ, ಕಾಲು ಭಾಗಕ್ಕೆ ನೀರು, ಉಳಿದ ಕಾಲು ಖಾಲಿ ಎನ್ನುತ್ತಾನೆ ಒಂದು ಕಡೆ. ಇನ್ನೊಂದು ಕಡೆ ವ್ಯಾಯಾಮವನ್ನು ಶಕ್ತಿಯ ಅರ್ಧಕ್ಕೆ ನಿಲ್ಲಿಸು ಎನ್ನುತ್ತಾನೆ. ಹಿಟ್ಟಿಗೂ ಅರ್ಧ, ಬೆಟ್ಟಕ್ಕೂ ಅರ್ಧ. ಜನವರಿ ಒಂದನೇ ತಾರೀಕು ಜಿಮ್ ಸೇರಿ, ಮೊದಲ ವಾರವೇ ಭಾರ ಎತ್ತಿ ಸೊಂಟ ಹಿಡಿಸಿಕೊಂಡು ಫೆಬ್ರವರಿಗೆ ಮನೆಯಲ್ಲಿ ಕೂರುವ ಹುಡುಗರಿಗೆ ಈ ಮಾತನ್ನು ಪ್ರೀತಿಯಿಂದ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಎಲ್ಲರಿಗೂ ಎಟುಕುವಷ್ಟೇ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ನಡೆಯಲು ಪಕ್ಕದ ಜ್ಞಾನಭಾರತಿ ವಿಶ್ವವಿದ್ಯಾಲಯ ಆವರಣದ ಮರಗಳ ನೆರಳಿದೆ. ಬಲಕ್ಕೆ ಹಿಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಂಡು ಕೈಯೂರದೆ ಏಳುತ್ತಿದ್ದುದೇ ಒಂದು ಸಾಧನೆಯಾಗಿತ್ತು. ಮಂಡಿ ಒಪ್ಪುವವರು ದಿನಕ್ಕೊಮ್ಮೆಯಾದರೂ ಹಾಗೆ ಕೂತೆದ್ದರೆ ತೊಡೆಗೆ ಒಳ್ಳೆಯದು. ಉಂಡ ಮೇಲೆ ಹತ್ತು ನಿಮಿಷ ಅಡ್ಡಾಡಿದರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ ಎಂಬುದನ್ನೂ ವೈದ್ಯರು ಒಪ್ಪುತ್ತಾರೆ.

ಗಾದೆಯನ್ನು ಅರ್ಧಕ್ಕೇ ಓದುವ ಅಭ್ಯಾಸ ಪಾರ್ಕಿನ ಗೇಟಿನ ಹೊರಗೂ ಇದೆ. ಬೆಳಿಗ್ಗೆ ಸ್ಟೀಲ್ ಕ್ಯಾನುಗಳ ಸಾಲು: ಬೂದುಗುಂಬಳ, ಹಾಗಲ, ಬೇವು, ನೆಲ್ಲಿ, ಸೋರೆಕಾಯಿ. ಎರಡು ಸುತ್ತು ಹಾಕಿ ಒಂದು ಲೋಟ ಕುಡಿದರೆ ಸಕ್ಕರೆ, ಬಿಪಿ, ಬೊಜ್ಜು ಮೂರೂ ಇಳಿಯುತ್ತವೆಂದು ನಂಬಿದವರಿದ್ದಾರೆ. ನೆಲ್ಲಿಕಾಯಿ, ಬೂದುಗುಂಬಳದ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆದರೆ ಸೋರೆಕಾಯಿ ರಸ ನಾಲಿಗೆಗೆ ಕಹಿ ಎನಿಸಿದರೆ ಅಲ್ಲೇ ಚೆಲ್ಲಬೇಕು. ಆ ಕಹಿ ವಿಷ. ಅದನ್ನು ಕುಡಿದು ದೇಶದಲ್ಲಿ ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ತಜ್ಞರಿಂದ ಪರಿಶೀಲನೆ ಮಾಡಿಸಿ ಎಚ್ಚರಿಕೆ ಕೊಟ್ಟಿದೆ. ಕಹಿಯಾದದ್ದೆಲ್ಲ ಔಷಧ ಎಂಬ ನಂಬಿಕೆಯಿಂದ ಕಣ್ಣು ಮುಚ್ಚಿ ಗುಟುಕರಿಸುವವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ.

ಯೋಗ, ಆಯುರ್ವೇದ, ಪ್ರಕೃತಿ ಚಿಕಿತ್ಸೆ ಯಾವುದಕ್ಕೇ ಹೋಗಲಿ, ಕಲಿತವರ ಬಳಿ ಹೋಗಬೇಕು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ಅವರಿಗೆ ತೋರಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು ರಾಗಿ ಎಷ್ಟು ತಿನ್ನಬಹುದು ಎಂಬುದನ್ನೂ ಕೇಳಿಯೇ ತಿನ್ನಬೇಕು. ಮುದ್ದೆ ಶುರು ಮಾಡಿದೆ, ಜ್ಯೂಸ್ ಕುಡಿಯುತ್ತಿದ್ದೇನೆ ಎಂದು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಾವೇ ನಿಲ್ಲಿಸಿದವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಅವರ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಆಗುವುದಾದರೆ ನಡೆದುಕೊಂಡೇ ಹೋಗಿ.